ಮುಚ್ಚಿದ ಕ್ರೆಡಿಟ್ ಕಾರ್ಡನ್ನು ‘ಸೆಟಲ್ಡ್’ ಎಂದು ಸಿಬಿಲ್‌ಗೆ ವರದಿ ಮಾಡಿದ ಬಗ್ಗೆ ದೂರು

ಇಂದ,
ಕಾಫಿ ಬೆಳೆಗಾರರು, ನಾಪೋಕ್ಲು, ಕೊಡಗು ಜಿಲ್ಲೆ

ಗೆ,
ಕುಂದುಕೊರತೆ ಅಧಿಕಾರಿಗಳು, ಕ್ರೆಡಿಟ್ ಕಾರ್ಡ್ ವಿಭಾಗ

ಮಾನ್ಯರೇ,

2013ರಿಂದ ನಿಮ್ಮ ಕಾರ್ಡ್ ನನ್ನ ಬಳಿ ಇತ್ತು. ಒಂದು ಬಿಲ್ಲನ್ನೂ ತಡವಾಗಿ ಕಟ್ಟಿದವಳಲ್ಲ. ಕಳೆದ ಸೆಪ್ಟೆಂಬರ್‌ನಲ್ಲಿ ಕೊನೆಯ ಬಿಲ್ ಪೂರ್ತಿ ಕಟ್ಟಿ, ಕಾರ್ಡ್ ಮುಚ್ಚಿ ಎಂದು ಇಮೇಲ್ ಕಳಿಸಿದೆ. ನೀವು ಮುಚ್ಚಿದ್ದು ಡಿಸೆಂಬರ್‌ನಲ್ಲಿ. ಈಗ ನನ್ನ ಸಿಬಿಲ್ ಸ್ಕೋರ್, ಅಂದರೆ ಸಾಲ ಕೊಡುವ ಮೊದಲು ಬ್ಯಾಂಕಿನವರು ನೋಡುವ ಅಂಕ, 778ರಿಂದ 684ಕ್ಕೆ ಇಳಿದಿದೆ. ತೋಟಕ್ಕೆ ಬೇಕಾಗಿದ್ದ ಸಾಲ ಅರ್ಧಕ್ಕೆ ನಿಂತಿದೆ.

ಮುಚ್ಚುವ ಮೊದಲು ನಿಮ್ಮ ಕಸ್ಟಮರ್ ಕೇರ್‌ನವರನ್ನು ಕೇಳಿದ್ದೆ, ಸ್ಕೋರ್‌ಗೆ ಏನಾದರೂ ತೊಂದರೆ ಆಗುತ್ತದೆಯೇ ಎಂದು. “ಏನೂ ಆಗಲ್ಲ ಮೇಡಂ, ಕಾರ್ಡ್ ಕಮ್ಮಿ ಆದ್ರೆ ಸ್ಕೋರ್ ಏರುತ್ತೆ” ಅಂದರು. ಇದು ಸುಳ್ಳು. ನಿಮ್ಮ ಕಾರ್ಡಿನ ಮಿತಿ ಒಂದೂವರೆ ಲಕ್ಷ, ನನ್ನ ಇನ್ನೊಂದು ಕಾರ್ಡಿನದು 50,000. ತಿಂಗಳಿಗೆ ಸುಮಾರು 20,000 ಖರ್ಚು ಮಾಡುತ್ತೇನೆ. ಎರಡೂ ಕಾರ್ಡ್ ಇದ್ದಾಗ ಅದು ಒಟ್ಟು ಮಿತಿಯ 10 ಶೇಕಡಾ. ನಿಮ್ಮದು ಹೋದ ಮೇಲೆ ಅದೇ ಖರ್ಚು 40 ಶೇಕಡಾ ಆಯಿತು. ಸ್ಕೋರ್ ಕೆಡದಿರಲು ಖರ್ಚು ಮಿತಿಯ 30 ಶೇಕಡಾ ದಾಟಬಾರದು ಎಂದು ಬ್ಯಾಂಕಿನವರೇ ಹೇಳುತ್ತಿರುತ್ತಾರೆ, ಅಲ್ವಾ? ಫೋನ್ ಎತ್ತುವವರಿಗೆ ಇಷ್ಟಾದರೂ ಕಲಿಸಿ.

ಆದರೆ ಆ ಇಳಿಕೆಗೆ ನಾನು ನಿಮ್ಮನ್ನು ದೂರುತ್ತಿಲ್ಲ. ಮಿತಿ ಹೋದರೆ ಸ್ಕೋರ್ ಸ್ವಲ್ಪ ಇಳಿಯುವುದು ಸಹಜ, ಖರ್ಚು ಹಿಡಿತದಲ್ಲಿಟ್ಟರೆ ಮತ್ತೆ ಏರುತ್ತದೆ. ಮುಚ್ಚಿದ ಕಾರ್ಡಿನ ಒಳ್ಳೆಯ ಇತಿಹಾಸವೂ ವರದಿಯಿಂದ ತಕ್ಷಣ ಅಳಿಸಿಹೋಗುವುದಿಲ್ಲ. ನನ್ನ ತಕರಾರು ಆ ಇತಿಹಾಸವನ್ನೇ ನೀವು ಕೆಡಿಸಿದ್ದಕ್ಕೆ.

ಇಮೇಲ್ ಸಾಲದು, ಅರ್ಜಿಗೆ ಸಹಿ ಹಾಕಿ ಪೋಸ್ಟ್‌ನಲ್ಲಿ ಕಳಿಸಿ ಎಂದು ನಿಮ್ಮವರು ಹಟ ಹಿಡಿದರು. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದ ಪ್ರಕಾರ ಹಾಗೆ ಒತ್ತಾಯ ಮಾಡುವಂತಿಲ್ಲ. ಬಾಕಿ ಇಲ್ಲದ ಕಾರ್ಡನ್ನು ಕೇಳಿದ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು. ನೀವು ಮುಚ್ಚುವ ಬದಲು ಅಕ್ಟೋಬರ್‌ನಲ್ಲಿ ವಾರ್ಷಿಕ ಶುಲ್ಕ ಎಂದು 590 ರೂಪಾಯಿ ಬಿಲ್ ಕಳಿಸಿದಿರಿ. ಜೀವನಪೂರ್ತಿ ಉಚಿತ ಎಂದು ಕೊಟ್ಟ ಕಾರ್ಡಿಗೆ, ಅದೂ ಮುಚ್ಚಿ ಎಂದ ಮೇಲೆ! ಅವತ್ತೇ ಇಮೇಲ್‌ನಲ್ಲಿ ಆಕ್ಷೇಪ ಸಲ್ಲಿಸಿದೆ. “ಪರಿಶೀಲಿಸುತ್ತಿದ್ದೇವೆ” ಎಂಬ ಉತ್ತರ ಬಂತು. ಅರೇಬಿಕಾ ಕೊಯ್ಲಿನ ಗಡಿಬಿಡಿಯಲ್ಲೂ ನಿಮಗೆ ಫೋನ್ ಮಾಡುತ್ತಲೇ ಇದ್ದೆ. ಡಿಸೆಂಬರ್‌ನಲ್ಲಿ ನೀವೇ ಶುಲ್ಕ ಮನ್ನಾ ಮಾಡಿ ಕಾರ್ಡ್ ಮುಚ್ಚಿದಿರಿ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಜನವರಿಯಲ್ಲಿ ಪಂಪ್‌ಸೆಟ್ ಮತ್ತು ಸ್ಪ್ರಿಂಕ್ಲರ್ ಪೈಪಿಗಾಗಿ ಇಲ್ಲಿನ ಇನ್ನೊಂದು ಬ್ಯಾಂಕಿನಲ್ಲಿ ಸಾಲ ಕೇಳಿದೆ. ಮ್ಯಾನೇಜರ್ ನನ್ನ ವರದಿ ತಿರುಗಿಸಿ ತೋರಿಸಿದರು. ನಿಮ್ಮ ಕಾರ್ಡಿನ ಎದುರು ಬಾಕಿ ದಿನಗಳ ಕಾಲಂನಲ್ಲಿ ನವೆಂಬರ್‌ಗೆ 30 ಎಂದಿದೆ, ಅಂದರೆ ಬಿಲ್ ಕಟ್ಟುವುದು 30 ದಿನ ತಡವಾಗಿದೆ ಎಂದು. ಕೆಳಗೆ ‘ಕ್ಲೋಸ್ಡ್’ ಇರಬೇಕಾದಲ್ಲಿ ‘ಸೆಟಲ್ಡ್’ ಎಂದಿದೆ. ಅಂದರೆ ನಾನು ಸಾಲ ತೀರಿಸಲಾಗದೆ ಕೈಚೆಲ್ಲಿದೆ, ಸಿಕ್ಕಷ್ಟು ಸಾಕು ಎಂದು ನೀವು ಬಿಟ್ಟುಕೊಟ್ಟಿರಿ ಎಂದು ಅರ್ಥ. ಹಾಕಲೇಬಾರದಿದ್ದ ಶುಲ್ಕವನ್ನು ನೀವು ವಾಪಸ್ ತೆಗೆದದ್ದಕ್ಕೆ ನನಗೆ ಸಾಲಗಾರಳ ಹಣೆಪಟ್ಟಿ! ತಕರಾರು ಬಾಕಿ ಇರುವಾಗ ಸುಸ್ತಿ ಎಂದು ವರದಿ ಮಾಡಬಾರದು, ಮಾಡುವ ಮೊದಲು ಗ್ರಾಹಕರಿಗೆ ತಿಳಿಸಬೇಕು ಎಂದೂ ಅದೇ ನಿಯಮದಲ್ಲಿದೆ. ನನಗೆ ಒಂದು ಎಸ್ಸೆಮ್ಮೆಸ್ಸೂ ಬರಲಿಲ್ಲ.

ರೊಬಸ್ಟಾಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ನೀರು ಬೀಳಲೇಬೇಕು. ಹೂಮಳೆ ಹೇಳಿದ ಸಮಯಕ್ಕೆ ಬರುವುದಿಲ್ಲ, ಬಾರದಿದ್ದರೆ ಸ್ಪ್ರಿಂಕ್ಲರೇ ಗತಿ. ಸಮಯಕ್ಕೆ ಹೂ ಅರಳದಿದ್ದರೆ ಮುಂದಿನ ವರ್ಷದ ಫಸಲು ಕೈಬಿಟ್ಟಂತೆ. ಈಗ ಪಕ್ಕದ ತೋಟದವರ ಪಂಪ್ ಬಾಡಿಗೆಗೆ ತಂದು, ಅವರ ಸರದಿ ಮುಗಿಯುವವರೆಗೆ ಕಾಯುತ್ತಿದ್ದೇನೆ. 590 ರೂಪಾಯಿಯ ನಿಮ್ಮ ತಪ್ಪಿಗೆ ನಾನು ತೆರುತ್ತಿರುವ ಬಾಡಿಗೆಯೇ ಅದರ ಎಷ್ಟೋ ಪಟ್ಟು.

ಸಿಬಿಲ್‌ಗೂ ದೂರು ಸಲ್ಲಿಸಿದ್ದೇನೆ. ನೀವು ಒಪ್ಪದೆ ಅವರು ಏನನ್ನೂ ತಿದ್ದುವುದಿಲ್ಲವಂತೆ. ಹಾಗಾಗಿ ನವೆಂಬರ್‌ನ 30 ದಿನದ ಗುರುತು ತೆಗೆಸಿ, ಖಾತೆಯನ್ನು ‘ಕ್ಲೋಸ್ಡ್’ ಎಂದು ತಿದ್ದಿಸಿ. ಸಿಬಿಲ್‌ಗೆ ಮಾತ್ರ ಅಲ್ಲ, ಅದರಂತೆಯೇ ಸಾಲದ ದಾಖಲೆ ಇಡುವ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್‌ಗೂ ಸರಿಯಾದ ಮಾಹಿತಿ ಕಳಿಸಿ. ಬಾಕಿ ಇಲ್ಲ ಎಂಬ ಪತ್ರ ಕೊಡಿ. ಅದರಲ್ಲಿ ತಪ್ಪು ವರದಿ ನಿಮ್ಮದು ಎಂದು ಸ್ಪಷ್ಟವಾಗಿ ಬರೆದಿರಲಿ, ಸಾಲದ ಅರ್ಜಿಯ ಜೊತೆ ಲಗತ್ತಿಸಬೇಕು. ತಡವಾದ ದಿನಗಳ 500 ರೂಪಾಯಿ ಲೆಕ್ಕವನ್ನೂ ಮಾಡಿ ನನ್ನ ಖಾತೆಗೆ ಹಾಕಿ. ಸೆಪ್ಟೆಂಬರ್‌ನಲ್ಲಿ ನನ್ನ ಬಾಕಿ ಸೊನ್ನೆ ಇತ್ತು. ಆಮೇಲೆ ನೀವೇ ಹಾಕಿ ನೀವೇ ತೆಗೆದ ಶುಲ್ಕವನ್ನು ಬಾಕಿ ಎಂದು ತೋರಿಸಿ ಸುಮ್ನೆ ನುಣುಚಿಕೊಳ್ಳಬೇಡಿ.

ದೂರು ಕೊಟ್ಟ 30 ದಿನದೊಳಗೆ ಕ್ರೆಡಿಟ್ ಮಾಹಿತಿ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಬೇರೆ ಇದೆ, ಅದನ್ನೂ ಕೇಳುತ್ತೇನೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಈ ಪತ್ರ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗುತ್ತದೆ. ಉತ್ತರ ಲಿಖಿತವಾಗಿ ಬೇಕು. ಫೋನಿನಲ್ಲಿ ಹೇಳಿದ್ದನ್ನು ನಂಬುವುದು ಬಿಟ್ಟಿದ್ದೇನೆ.

ಇಂತಿ,
ನಿಮ್ಮ ಹಿಂದಿನ ಗ್ರಾಹಕಿ

ಲಗತ್ತು: ಕೊನೆಯ ಬಿಲ್ ಕಟ್ಟಿದ ರಸೀದಿ, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ಇಮೇಲ್‌ಗಳು, ಶುಲ್ಕ ಮನ್ನಾ ಮಾಡಿದ ನಿಮ್ಮ ಉತ್ತರ, ಸಿಬಿಲ್ ವರದಿಯ ಪ್ರತಿ