ದಮ್ಮು ಎಂಬ ಮಾತನ್ನು ಕುರಿತು ಕಿರಿಯ ಮಿತ್ರರಿಗೆ

ತೀರ್ಥಹಳ್ಳಿ

ಪ್ರಿಯ ಮಿತ್ರರೇ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಅಡಿಕೆ ಮರದ ತುದಿಯಲ್ಲಿರುವ ಹುಡುಗನಿಗೆ ಕೆಳಗಿನವರು ‘ದಮ್ಮಿದ್ರೆ ಆ ಮರಕ್ಕೆ ದಾಟು’ ಎಂದು ಕೂಗುವ ಜಾಗ ಬಹಳ ಚೆನ್ನಾಗಿ ಬಂದಿದೆ. ಆದರೆ ಅದರ ಬೆನ್ನಿಗೇ ನೀವು, ದಮ್ಮು ಎಂಬುದು ಧರ್ಮದಿಂದ ಹುಟ್ಟಿದ ಮಾತೆಂದು ವಿವರಿಸಲು ಹೊರಟಿದ್ದೀರಿ. ಅದು ಸರಿಯಲ್ಲ, ಆ ತಪ್ಪಿನಿಂದ ಮುಂದಿನ ಪುಟವೂ ಹಾದಿ ಬಿಟ್ಟಿದೆ.

ಧರ್ಮದಿಂದ ಬಂದದ್ದು ನಮ್ಮ ‘ದಮ್ಮಯ್ಯ’. ‘ದಮ್ಮಯ್ಯ, ಬಿಟ್ಟುಬಿಡಿ’ ಎಂದು ಅಂಗಲಾಚುವವನು ಎದುರಿನವರ ಧರ್ಮಬುದ್ಧಿಗೆ ಮೊರೆಯಿಡುತ್ತಾನೆ. ಅವನಿಗೂ ಸವಾಲು ಹಾಕುವವನಿಗೂ ಸಂಬಂಧವಿಲ್ಲ. ದಮ್ಮಿನ ಮೂಲ ಪಾರಸಿಯ ‘ದಮ್’, ಅಂದರೆ ಉಸಿರು. ಹಿಂದುಸ್ತಾನಿ, ದಖನಿಗಳ ಒಡನಾಟದಲ್ಲಿ ಕನ್ನಡಕ್ಕೆ ಬಂದ ಈ ಮಾತು, ಹಕ್ ಎಂಬುದು ಹಕ್ಕಾದಂತೆ, ಜಿದ್ ಎಂಬುದು ಜಿದ್ದಾದಂತೆ, ಕೊನೆಗೊಂದು ಉಕಾರ ಪಡೆದು ನಮ್ಮ ನಾಲಿಗೆಗೆ ಒಗ್ಗಿತು. ಸದ್ದಿನ ಹೋಲಿಕೆಯೊಂದನ್ನೇ ನಂಬದೆ ಮಾತಿನ ಇಡೀ ಬಳಗವನ್ನು ವಿಚಾರಿಸಿದ್ದರೆ ನಿಮಗೇ ಇದು ಹೊಳೆಯುತ್ತಿತ್ತು. ಗುಡ್ಡ ಹತ್ತುವಾಗ ನಮಗೆ ದಮ್ಮು ಕಟ್ಟುತ್ತದೆ, ಉಬ್ಬಸವನ್ನು ದಮ್ಮಿನ ಕಾಯಿಲೆ ಎನ್ನುತ್ತೇವೆ, ಬೀಡಿ ಸೇದುವವರು ಒಂದು ದಮ್ಮು ಎಳೆಯುತ್ತಾರೆ, ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತಿ ಆವಿಯನ್ನು ಒಳಗೇ ಹಿಡಿದು ಬೇಯಿಸಿದ್ದು ದಮ್ ಬಿರಿಯಾನಿಯಾಗುತ್ತದೆ. ಎಲ್ಲೆಲ್ಲೂ ಉಸಿರೇ ಇದೆ. ಉಸಿರು ಸೋಲದವನಿಗೆ ದಮ್ಮಿದೆ ಎಂದು ಹೇಳುವುದು ಇಲ್ಲಿಂದ ಒಂದೇ ಹೆಜ್ಜೆ.

ಇನ್ನು ‘ಅವನ ದಮ್ಮು ಹಲಸಿನ ಕೆಚ್ಚಿನಂತೆ ಗಟ್ಟಿಯಾಗಿತ್ತು’ ಎಂಬ ನಿಮ್ಮ ವಾಕ್ಯ. ಕೆಚ್ಚು ಎಂದರೂ ಧೈರ್ಯವೇ ಎಂದು ನೀವು ವಾದಿಸಬಹುದು, ನಿಜ. ಆದರೆ ಅದು ಮೊದಲಿಗೆ ಮರದ ತಿರುಳು. ನಮ್ಮ ಹಳೆಯ ಮನೆಯನ್ನು ಬಿಚ್ಚಿದಾಗ ಒಂದು ಹಲಸಿನ ಕಂಬದ ಹೊರಮೈಯನ್ನು ಗೆದ್ದಲು ಪೂರ್ತಿ ತಿಂದಿತ್ತು, ಉಗುರಿನಿಂದ ಕೆರೆದರೆ ಮಣ್ಣಿನಂತೆ ಉದುರುತ್ತಿತ್ತು. ಒಳಗೆ ಮಾತ್ರ ಅರಿಸಿನ ಬಣ್ಣ ಕಂದಿಗೆ ತಿರುಗಿದ ತಿರುಳು ಹಾಗೆಯೇ ಉಳಿದಿತ್ತು, ಬಡಗಿಯ ಉಳಿ ಅದರ ಮೇಲೆ ಜಾರುತ್ತಿತ್ತು. ಬಡಗಿ ಅಂದದ್ದು ಇಷ್ಟೇ: ‘ಕೆಚ್ಚು ಇದೆ, ಇನ್ನೊಂದು ಮನೆಗಾಗುತ್ತದೆ.’ ಕೆಚ್ಚೆದೆ ಎಂಬ ಮಾತನ್ನು ಅಂದಿನಿಂದ ನಾನು ಹಗುರವಾಗಿ ಬರೆದಿಲ್ಲ.

ಕೆಚ್ಚು ಬಲಿಯಲು ಎಷ್ಟೋ ಮಳೆಗಾಲಗಳು ಬೇಕು. ದಮ್ಮು ಹಾಗಲ್ಲ, ಅದು ಆ ಗಳಿಗೆಯದು. ಬರುತ್ತದೆ, ತೀರುತ್ತದೆ, ನಿಂತು ಸುಧಾರಿಸಿಕೊಂಡರೆ ಮರಳುತ್ತದೆ. ಆದ್ದರಿಂದಲೇ ಅದು ಸವಾಲಿಗೆ ಒದಗುವ ಬೀದಿಮಾತಾಯಿತೆಂದು ನಾನು ತಿಳಿದಿದ್ದೇನೆ. ನಿಮ್ಮ ಹುಡುಗನಿಗೆ ಇನ್ನೂ ಹದಿನೇಳು ವರ್ಷ. ಕಾಲಿಗೆ ತಳೆ ಹಾಕಿ ಮರವೇರಿದ್ದಾನೆ, ಮರ ತೂಗುತ್ತಿದೆ, ಪಕ್ಕದ ಮರ ಕೈಗೆ ಸಿಗಲು ಒಂದು ಮೊಳ ಸಾಲದು. ಆಗ ಅವನಲ್ಲಿ ಕೆಚ್ಚನ್ನು ಹುಡುಕಬೇಡಿ, ಅವನ ಉಸಿರನ್ನು ಕೇಳಿಸಿಕೊಳ್ಳಿ. ಅಡಿಕೆ ಗೊನೆ ಕೊಯ್ಯುವ ಕೊನೆಗಾರರು ದಾಟುವ ಮುನ್ನ ಒಮ್ಮೆ ಉಸಿರೆಳೆದು ಹಿಡಿಯುವುದನ್ನೂ, ಆಚೆ ಮರವನ್ನು ತಬ್ಬಿದ ಮೇಲೆಯೇ ಬಿಡುವುದನ್ನೂ ತೋಟದಲ್ಲಿ ನಿಂತು ನೋಡಿ.

ಅವನ ಅಜ್ಜಿಗೆ ಮಾತ್ರ ಕೆಚ್ಚನ್ನು ಉಳಿಸಿಕೊಡಿ, ಅವಳಿಗದು ಸಲ್ಲುತ್ತದೆ. ಧರ್ಮದ ವಿವರಣೆಯನ್ನು ಪೂರ್ತಿ ತೆಗೆದು, ಆ ಪುಟವನ್ನು ಹೊಸದಾಗಿ ಬರೆದು ಕಳುಹಿಸಿ. ಕೊನೆಕೊಯ್ಲು ಮುಗಿಯುವವರೆಗೆ ನಾನು ಊರಿನಲ್ಲೇ ಇರುತ್ತೇನೆ.

ನಿಮ್ಮ ಹಿತೈಷಿ