ಸೋಡಾ ಯಂತ್ರದ ಸಿಲಿಂಡರ್‌ನಲ್ಲಿ ಗ್ಯಾಸ್ ಕಡಿಮೆ: ಕಂಪನಿಗೆ ಹಾಸನದಿಂದ ಒಂದು ದೂರು

ಇವರಿಗೆ,
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರು

ವಿಷಯ: ಬದಲಿ ಸಿಲಿಂಡರ್‌ನಲ್ಲಿ ಗ್ಯಾಸ್ ಕಡಿಮೆ ಇರುವುದು, ಅವಧಿ ದಾಟಿದ ಬಾಟಲಿ ಕಳಿಸಿರುವುದು ಹಾಗೂ ಹಾಸನದಲ್ಲಿ ಸಿಲಿಂಡರ್ ಬದಲಿಸಿಕೊಡುವ ವ್ಯವಸ್ಥೆ ಇಲ್ಲದಿರುವ ಬಗ್ಗೆ.

ಮಾನ್ಯರೇ,

ಮನೆಯಲ್ಲೇ ಸೋಡಾ ಮಾಡಿಕೊಳ್ಳುವ ನಿಮ್ಮ ಯಂತ್ರವನ್ನು ನಿಮ್ಮದೇ ವೆಬ್‌ಸೈಟಿನಿಂದ ತರಿಸಿಕೊಂಡ ಗ್ರಾಹಕಿ ನಾನು. ಯಂತ್ರದ ಬಗ್ಗೆ ನನ್ನ ದೂರಿಲ್ಲ, ಅದು ಚೆನ್ನಾಗಿಯೇ ಇದೆ. ನನ್ನ ದೂರು ಅದಕ್ಕೆ ಹಾಕುವ ಗ್ಯಾಸಿನದು. ಫೋನಿನಲ್ಲಿ ಹೇಳಿ ಹೇಳಿ ಪ್ರಯೋಜನವಾಗದೆ ಇದನ್ನು ಬರೆದು ಕಳಿಸುತ್ತಿದ್ದೇನೆ.

ಸಿಲಿಂಡರ್ ಮೇಲೆ ನಿವ್ವಳ ತೂಕ 425 ಗ್ರಾಂ ಎಂದೂ, ಒಂದು ಸಿಲಿಂಡರ್‌ನಿಂದ 60 ಲೀಟರ್ ಸೋಡಾ ಬರುತ್ತದೆ ಎಂದೂ ಅಚ್ಚು ಹಾಕಿದ್ದೀರಿ. ಲೀಟರಿಗೆ 7 ಗ್ರಾಂ ಲೆಕ್ಕ. ಯಂತ್ರದ ಜೊತೆ ಬಂದ ಮೊದಲ ಸಿಲಿಂಡರ್ ಈ ಲೆಕ್ಕಕ್ಕೆ ಹತ್ತಿರ ಹತ್ತಿರ ಬಂತು. ಬದಲಿಸಿ ತಂದದ್ದು ಮಾತ್ರ ಬಹಳ ಬೇಗ ಮುಗಿದುಹೋಯಿತು. ನಿಮ್ಮ ಗ್ರಾಹಕ ಸೇವೆಗೆ ಫೋನ್ ಮಾಡಿದರೆ, "ಮೇಡಂ, ನೀರು ತಣ್ಣಗಿರಬೇಕು, ಬಟನ್ ಜಾಸ್ತಿ ಹೊತ್ತು ಒತ್ತಬಾರದು" ಅಂದರು. ಮತ್ತೆ ಮಾಡಿದಾಗ ಬೇರೆಯವರು ಫೋನ್ ಎತ್ತಿದರು, ಮಾತು ಮಾತ್ರ ಅದೇ.

ನೀರು ತಣ್ಣಗಿರಬೇಕು ಅನ್ನುವುದು ನನಗೆ ಗೊತ್ತಿದೆ. ಇಪ್ಪತ್ತೈದು ಡಿಗ್ರಿಯ ನೀರು ಹಿಡಿದುಕೊಳ್ಳುವ ಕಾರ್ಬನ್ ಡೈಆಕ್ಸೈಡ್, ಸೊನ್ನೆ ಡಿಗ್ರಿಯ ನೀರು ಹಿಡಿಯುವುದರಲ್ಲಿ ಅರ್ಧವೂ ಆಗುವುದಿಲ್ಲ. ಅದಕ್ಕೇ ರಾತ್ರಿಯೇ ಬಾಟಲಿ ತುಂಬಿಸಿ ಫ್ರಿಜ್‌ನಲ್ಲಿ ಇಟ್ಟಿರುತ್ತೇನೆ. ಬರೀ ನೀರಿಗೆ ಗ್ಯಾಸ್ ಹಾಕಿ, ಆಮೇಲೆ ನಿಂಬೆ-ಶುಂಠಿ ರಸವನ್ನೋ ಪುನರ್ಪುಳಿ ಶರಬತ್ತನ್ನೋ ಬೆರೆಸುತ್ತೇನೆ. ನೀವು ಕೈಪಿಡಿಯಲ್ಲಿ ಬರೆದಿರುವ ಕ್ರಮ ಅದೇ ತಾನೇ? ಮೊದಲ ಸಿಲಿಂಡರ್‌ಗೂ ಎರಡನೆಯದಕ್ಕೂ ನೀರು ಅದೇ, ಫ್ರಿಜ್ ಅದೇ, ಬಟನ್ ಒತ್ತುವ ಕೈಯೂ ಅದೇ.

ಹಾಗಾಗಿ ಮೂರನೆಯ ಸಿಲಿಂಡರ್ ಬಂದಾಗ ಯಂತ್ರಕ್ಕೆ ಹಾಕುವ ಮುಂಚೆ ತೂಕ ನೋಡಿದೆ. ಇದರೊಳಗೆ ಕಾರ್ಬನ್ ಡೈಆಕ್ಸೈಡ್ ದ್ರವವಾಗಿ ಇರುವುದರಿಂದ, ದ್ರವ ಪೂರ್ತಿ ಮುಗಿಯುವ ತನಕ ಒತ್ತಡ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಇಪ್ಪತ್ತು ಡಿಗ್ರಿಯಲ್ಲಾದರೆ ಸುಮಾರು 57 ಬಾರ್. ತುಂಬಿದ್ದರೂ ಅಷ್ಟೇ, ಕಾಲು ಭಾಗ ಉಳಿದಿದ್ದರೂ ಅಷ್ಟೇ. ಎಷ್ಟಿದೆ ಎಂದು ತಿಳಿಯಬೇಕಾದರೆ ತೂಗುವುದೊಂದೇ ದಾರಿ. ಸಿಲಿಂಡರ್‌ನ ಭುಜದ ಮೇಲೆ ಖಾಲಿ ತೂಕ 773 ಗ್ರಾಂ ಎಂದು ಕೊರೆದಿದೆ. 425 ಸೇರಿಸಿದರೆ 1,198 ಗ್ರಾಂ ತೂಗಬೇಕು. ಮನೆಯ ತಕ್ಕಡಿಯನ್ನು ನೀವು ಒಪ್ಪಲಿಕ್ಕಿಲ್ಲ ಎಂದು ನಮ್ಮ ಬೀದಿಯ ದಿನಸಿ ಅಂಗಡಿಗೆ ಒಯ್ದು, ಅಳತೆ ಮತ್ತು ತೂಕ ಇಲಾಖೆಯ ಮುದ್ರೆ ಇರುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟೆವು. ಸೀಲು ಬಿಚ್ಚಿಲ್ಲ, ಪ್ಲಾಸ್ಟಿಕ್ ಮುಚ್ಚಳವನ್ನೂ ತೆಗೆದಿಲ್ಲ. ತೋರಿಸಿದ್ದು 1,060 ಗ್ರಾಂ. ಮುಚ್ಚಳದ ತೂಕವನ್ನೂ ಗ್ಯಾಸಿನ ಲೆಕ್ಕಕ್ಕೇ ಬಿಟ್ಟುಕೊಟ್ಟರೂ ಒಳಗಿರುವುದು 287 ಗ್ರಾಂ. 138 ಗ್ರಾಂ ಇಲ್ಲ. ಅಂದರೆ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಇಲ್ಲ. ನಿಮ್ಮ 60 ಲೀಟರ್ ಇಲ್ಲಿ 41 ಲೀಟರ್ ಆಯಿತು. ದುಡ್ಡು ಮಾತ್ರ ಪೂರ್ತಿ ತೆಗೆದುಕೊಂಡಿದ್ದೀರಿ.

ಅಡುಗೆ ಗ್ಯಾಸ್ ಸಿಲಿಂಡರ್ ಮನೆಗೆ ಬಂದಾಗ 14.2 ಕೆಜಿ ಇದೆಯೇ ಎಂದು ತೂಗಿಸಿ ನೋಡುವ ಹಕ್ಕು ನಮಗಿದೆ. ನಿಮ್ಮ ಸಿಲಿಂಡರ್‌ನ ಮೇಲೆ ಅಚ್ಚು ಹಾಕಿದ 425 ಬಿಟ್ಟರೆ, ನಿಜವಾಗಿ ತುಂಬಿದ ತೂಕವೂ ಇಲ್ಲ, ತುಂಬಿದ ದಿನಾಂಕವೂ ಇಲ್ಲ. ಗ್ರಾಹಕರು ಯಾವುದನ್ನು ನೋಡಿ ನಂಬಬೇಕು? ಎಷ್ಟೋ ಜನ ಇದನ್ನು ತೂಗುವುದೇ ಇಲ್ಲ. ಬೇಗ ಮುಗಿದರೆ ತಮ್ಮದೇ ತಪ್ಪಿರಬೇಕು, ಜಾಸ್ತಿ ಒತ್ತಿಬಿಟ್ಟೆವೇನೋ ಅಂದುಕೊಳ್ಳುತ್ತಾರೆ. ನಿಮ್ಮವರು ಫೋನಿನಲ್ಲಿ ಹೇಳುವುದೂ ಅದನ್ನೇ. ನನಗೆ ಹೆಚ್ಚು ಬೇಸರ ತಂದಿರುವುದು ಇದು.

ಬಾಟಲಿಯ ವಿಷಯವನ್ನು ಇದಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಹೆಚ್ಚುವರಿಯಾಗಿ ತರಿಸಿದ ಎರಡು ಬಾಟಲಿಗಳಲ್ಲಿ ಒಂದರ ಮೇಲೆ ಬೆಲೆಯ ಸ್ಟಿಕ್ಕರ್ ಸ್ವಲ್ಪ ಎದ್ದಿತ್ತು. ತೊಳೆಯುವಾಗ ಅದು ಕಿತ್ತು ಬಂತು. ಅದರ ಕೆಳಗೆ ಬಳಕೆಯ ಕೊನೆಯ ತಿಂಗಳು, ವರ್ಷ ಅಚ್ಚಾಗಿತ್ತು. ಬಾಟಲಿ ನನ್ನ ಕೈ ಸೇರುವ ಹೊತ್ತಿಗೇ ಅದು ದಾಟಿಹೋಗಿತ್ತು. ಗ್ಯಾಸಿನ ಒತ್ತಡ ತಡೆಯಬೇಕಾದ ಪ್ಲಾಸ್ಟಿಕ್ ಬಾಟಲಿ ಇದು. ಬಿಸಿ ನೀರಿನಲ್ಲಿ ತೊಳೆಯಬೇಡಿ, ಅವಧಿ ಮುಗಿದ ಮೇಲೆ ಬಳಸಬೇಡಿ ಎಂದು ನಿಮ್ಮ ಕೈಪಿಡಿಯೇ ಹೇಳುತ್ತದೆ. ಮಕ್ಕಳು ಪಕ್ಕದಲ್ಲಿ ನಿಂತು ಗುಳ್ಳೆ ಏಳುವುದನ್ನು ನೋಡುವ ಮನೆ ನಮ್ಮದು. ದಿನಾಂಕದ ಮೇಲೇ ಸ್ಟಿಕ್ಕರ್ ಅಂಟಿಸಿದ್ದು ಯಾರು, ಯಾಕೆ ಎನ್ನುವುದಕ್ಕೆ ನನಗೆ ಲಿಖಿತ ಉತ್ತರ ಬೇಕು. ಅದೇ ದಾಸ್ತಾನಿನ ಬಾಟಲಿಗಳು ಇನ್ನೂ ಯಾರ್ಯಾರ ಮನೆಗೆ ಹೋಗಿವೆಯೋ, ಅವರಿಗೂ ನೀವೇ ತಿಳಿಸಬೇಕು.

ಇನ್ನು ಸಿಲಿಂಡರ್ ಬದಲಿಸುವ ವ್ಯವಸ್ಥೆ. ಯಂತ್ರ ಮಾರುವಾಗ ನಿಮ್ಮ ವೆಬ್‌ಸೈಟು 573201 ಪಿನ್‌ಕೋಡನ್ನು ಒಪ್ಪಿಕೊಂಡಿತು. "ಮನೆ ಬಾಗಿಲಲ್ಲೇ ಬದಲಾವಣೆ" ಎಂದೂ ಅಲ್ಲೇ ಬರೆದಿತ್ತು. ಈಗ ಅದೇ ಪಿನ್‌ಕೋಡ್ ಹಾಕಿದರೆ ಸೇವೆ ಲಭ್ಯವಿಲ್ಲ ಅನ್ನುತ್ತದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಊರಿಗೆ ಬರುವಾಗ ಕಾರಿನಲ್ಲಿ ತಂದುಕೊಡುತ್ತಾನೆ. 50 ಡಿಗ್ರಿಗಿಂತ ಬಿಸಿಯಾಗಬಾರದು ಎಂದು ಬರೆದಿರುವ ವಸ್ತುವನ್ನು ಬಿಸಿಲಲ್ಲಿ ಡಿಕ್ಕಿಯೊಳಗಿಟ್ಟು ನೂರೆಂಬತ್ತು ಕಿಲೋಮೀಟರ್ ತರುವುದು ಸರಿಯಲ್ಲ. ಹಾಗೆ ತರುವ ಸ್ಥಿತಿ ತಂದಿಟ್ಟವರು ನೀವು. ಇಲ್ಲಿ ಗೋಲಿ ಸೋಡಾ ತುಂಬುವವರೊಬ್ಬರನ್ನು ಕೇಳಿದೆ. ಅವರು ವಾಲ್ವ್ ನೋಡಿ, "ಇದು ನಮ್ಮದಕ್ಕೆ ಕೂರಲ್ಲಮ್ಮ, ಅಂದಾಜಿನ ಮೇಲೆ ತುಂಬಿದರೆ ಅಪಾಯ, ನಾನು ಮುಟ್ಟಲ್ಲ" ಅಂದರು. ಅವರು ಹೇಳಿದ್ದು ಸರಿ. ಹೊರಗೆ ತುಂಬಿಸಿದರೆ ವಾರಂಟಿ ಇಲ್ಲ ಅನ್ನುವ ನಿಮ್ಮ ನಿಯಮವನ್ನೂ ನಾನು ಆಕ್ಷೇಪಿಸುವುದಿಲ್ಲ. ಬೀಗ ಹಾಕಿ ಕೀಲಿಕೈ ನೀವೇ ಇಟ್ಟುಕೊಂಡ ಮೇಲೆ ಬಾಗಿಲು ತೆಗೆಯುವ ಹೊಣೆಯೂ ನಿಮ್ಮದೇ ಆಗಬೇಕಲ್ಲವೇ?

ಅಂಗಡಿಯ ಕೋಲಾದಲ್ಲಿ 100 ಮಿಲಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಮನೆಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಹಾಕಿ, ನಮ್ಮ ಜಿಲ್ಲೆಯಲ್ಲೇ ಬೆಳೆದ ಶುಂಠಿಯಲ್ಲಿ ಒಳ್ಳೆಯ ಪಾನೀಯ ಮಾಡಬಹುದು ಎಂದೇ ಈ ಯಂತ್ರ ಕೊಂಡದ್ದು. ಮನೆಮಂದಿಗೆಲ್ಲ ಅದು ಇಷ್ಟವಾಗಿದೆ. ಯಂತ್ರವನ್ನು ಅಟ್ಟಕ್ಕೆ ಹಾಕಲು ನನಗೆ ಮನಸ್ಸಿಲ್ಲ.

ಕಡಿಮೆ ಗ್ಯಾಸಿನ ಸಿಲಿಂಡರ್‌ಗೆ ಬದಲಾಗಿ ಪೂರ್ತಿ ತುಂಬಿದ್ದನ್ನು ನಿಮ್ಮ ಖರ್ಚಿನಲ್ಲೇ ತಲುಪಿಸಿ. ಎರಡನೆಯದಕ್ಕೆ ಕೊಟ್ಟ ಹಣದಲ್ಲೂ ಕೊರತೆಯಷ್ಟನ್ನು ವಾಪಸು ಕೊಡಿ. ಎರಡೂ ಬಾಟಲಿ ಬದಲಿಸಿ. ಮುಂದೆ ಪ್ರತಿ ಸಿಲಿಂಡರ್ ಮೇಲೂ ತುಂಬಿದ ತೂಕ, ದಿನಾಂಕ ನಮೂದಿಸಿ. ಹಾಸನದಲ್ಲಿ ಒಂದು ಅಂಗಡಿಯಲ್ಲಾದರೂ ಬದಲಿಸಿಕೊಳ್ಳುವ ವ್ಯವಸ್ಥೆ ಮಾಡಿ. ಅದು ಆಗದಿದ್ದರೆ ಯಂತ್ರ ವಾಪಸು ತೆಗೆದುಕೊಂಡು ಹಣ ಹಿಂತಿರುಗಿಸಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಷ್ಟರಲ್ಲಿ ಉತ್ತರ ಬಾರದಿದ್ದರೆ 1915 ಸಹಾಯವಾಣಿಯಲ್ಲಿ ದಾಖಲಿಸಿ, ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ತಾನು ವಾಸವಿರುವ ಊರಿನಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ.

ಬಿಲ್ಲು, ತಕ್ಕಡಿಯ ಮೇಲಿರುವ ಸಿಲಿಂಡರ್‌ನ ಫೋಟೊ, ಬಾಟಲಿ ಮತ್ತು ಕಿತ್ತು ಬಂದ ಸ್ಟಿಕ್ಕರ್‌ನ ಫೋಟೊ ಲಗತ್ತಿಸಿದ್ದೇನೆ. ಆ ಸಿಲಿಂಡರನ್ನು ಸೀಲು ಬಿಚ್ಚದೆ ಹಾಗೇ ಇಟ್ಟಿದ್ದೇನೆ. ಅನುಮಾನವಿದ್ದರೆ ನಿಮ್ಮವರು ಬಂದು ನನ್ನೆದುರೇ ತೂಗಿ ನೋಡಲಿ.

ಇಂತಿ ತಮ್ಮ ವಿಶ್ವಾಸಿ,
ಗ್ರಾಹಕಿ, ಹಾಸನ