ಮರದ ಮೊಳೆಯಲ್ಲಿ ಕೆತ್ತನೆಗಿಂತ ಎತ್ತರ ಮೊದಲು

ಮಾನ್ಯ ಸಂಪಾದಕರೇ,

ಮರದಲ್ಲಿ ಅಚ್ಚುಮೊಳೆ, ಅಂದರೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಬಿಡಿ ಅಕ್ಷರದ ತುಂಡು, ಮಾಡುವ ಕೆಲಸದತ್ತ ಈಚೆಗೆ ಹೊಸಬರು, ಅದರಲ್ಲೂ ಅಕ್ಷರವಿನ್ಯಾಸ ಕಲಿತ ಯುವಕ ಯುವತಿಯರು, ಆಸೆಯಿಂದ ಬರುತ್ತಿದ್ದಾರೆ. ಹಲವು ವರ್ಷಗಳಿಂದ ಈ ಕೆಲಸವನ್ನು ಕೈಯಾರೆ ಮಾಡುತ್ತ ಬಂದಿರುವ ನನಗೆ ಇದು ನಿಜವಾಗಿಯೂ ಸಂತೋಷದ ಸಂಗತಿ. ಆದರೆ ಈ ಕೆಲಸವನ್ನು ಪರಿಚಯಿಸುವ ಬರಹಗಳೂ ತರಬೇತಿ ಶಿಬಿರಗಳೂ ಇದನ್ನು ಬಹುಮಟ್ಟಿಗೆ ಕೆತ್ತನೆಯ ಕಲೆಯೆಂದೇ ಹೇಳಿಕೊಡುತ್ತಿವೆ. ಮೊದಲ ದಿನವೇ ಹಲಗೆಯ ತುಂಡೊಂದನ್ನೂ ಉಳಿಯನ್ನೂ ಕೈಗೆ ಕೊಟ್ಟು ಅಕ್ಷರ ಕೆತ್ತಿಸುತ್ತಾರೆ. ಹೀಗೆ ಕೆತ್ತಿದ ಅಕ್ಷರ ಕಣ್ಣಿಗೆ ಚೆನ್ನಾಗಿಯೇ ಇರುತ್ತದೆ. ಯಂತ್ರಕ್ಕೆ ಹಾಕಿದಾಗ ಮಾತ್ರ ಅದು ಮೊಳೆಯಲ್ಲ ಎಂಬುದು ಗೊತ್ತಾಗುತ್ತದೆ. ಕಲಿಸುವ ಕ್ರಮ ತಿರುಗುಮುರುಗಾಗಿದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊಳೆಗೆ ಪಾದದಿಂದ, ಅಂದರೆ ತಳದಿಂದ, ಶಾಯಿ ಹತ್ತುವ ಮುಖದವರೆಗೆ ಒಂದು ನಿಶ್ಚಿತ ಎತ್ತರವಿರಬೇಕು. ಇಂಗ್ಲೆಂಡ್ ಮತ್ತು ಅಮೆರಿಕದ ಪದ್ಧತಿಯಲ್ಲಿ ಅದು 0.918 ಅಂಗುಲ, ಅಂದರೆ ಸುಮಾರು 23.3 ಮಿಲಿಮೀಟರ್. ಸೀಸದ ಮೊಳೆಗಾಗಲಿ, ಮರದ ಮೊಳೆಗಾಗಲಿ, ಚಿತ್ರದ ಬ್ಲಾಕಿಗಾಗಲಿ ಅಳತೆ ಇದೊಂದೇ, ಏಕೆಂದರೆ ಎಲ್ಲವೂ ಒಂದೇ ಚೇಸಿನೊಳಗೆ (ಮೊಳೆಗಳನ್ನು ಬಿಗಿದಿಡುವ ಚೌಕಟ್ಟಿನೊಳಗೆ) ಕುಳಿತು, ಒಂದೇ ರೋಲರಿನಿಂದ ಶಾಯಿ ಪಡೆದು, ಒಂದೇ ಒತ್ತಡದಲ್ಲಿ ಕಾಗದವನ್ನು ಮುಟ್ಟಬೇಕು. ಸಾಮಾನ್ಯ ಬರವಣಿಗೆಯ ಕಾಗದದ ದಪ್ಪ ಹೆಚ್ಚುಕಡಿಮೆ 0.1 ಮಿಲಿಮೀಟರ್. ಅಂಥ ಎರಡು ಹಾಳೆಗಳಷ್ಟು ಮೊಳೆ ತಗ್ಗಿದ್ದರೆ ಅಕ್ಷರ ಮಾಸಲಾಗಿ ಬೀಳುತ್ತದೆ. ಅಷ್ಟೇ ಉಬ್ಬಿದ್ದರೆ ಕಾಗದದಲ್ಲಿ ಹಳ್ಳ ಬಿದ್ದು, ಪಕ್ಕದ ಅಕ್ಷರಕ್ಕೆ ಒತ್ತಡ ಸಾಲದೆ, ಕೆಲವೇ ದಿನಗಳಲ್ಲಿ ಆ ಮೊಳೆಯ ಅಂಚೇ ಮೊಂಡಾಗುತ್ತದೆ. ತಗ್ಗಿದ ಮೊಳೆಯ ಪಾದಕ್ಕೆ ತೆಳು ಕಾಗದ ಅಂಟಿಸಿ ಎತ್ತರಿಸಬಹುದು. ಉಬ್ಬಿದ್ದಕ್ಕೆ ಮತ್ತೆ ಉಜ್ಜುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

ಇದು ನನ್ನೊಬ್ಬನ ಹಟವಲ್ಲ. ಈ ಕೆಲಸದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಚೀನಾದಲ್ಲಿ 1040ರ ದಶಕದಲ್ಲಿ ಬಿಡಿ ಮೊಳೆಗಳನ್ನು ಮಾಡಿದ ಬಿ ಶೆಂಗ್ ಮರವನ್ನು ಬಿಟ್ಟು ಸುಟ್ಟ ಜೇಡಿಮಣ್ಣನ್ನು ಆರಿಸಿಕೊಂಡ. ಮರದ ಎಳೆ ಒಂದೆಡೆ ಬಿಗಿ, ಇನ್ನೊಂದೆಡೆ ಸಡಿಲ. ತೇವ ತಾಗಿದರೆ ಎತ್ತರ ಏರುಪೇರಾಗುತ್ತದೆ. ಮೊಳೆಗಳನ್ನು ಹಿಡಿದಿಡಲು ಕೆಳಗೆ ಹಾಕಿದ ಅಂಟಿಗೂ ಕಚ್ಚಿಕೊಳ್ಳುತ್ತದೆ ಎಂಬ ಕಾರಣಗಳನ್ನು ಅವನ ಕಾಲದ ವಿದ್ವಾಂಸ ಶೆನ್ ಕುವೊ ಬರೆದಿಟ್ಟಿದ್ದಾನೆ. ಸುಮಾರು ಎರಡೂವರೆ ಶತಮಾನ ಕಳೆದ ಮೇಲೆ, 1298ರ ಹೊತ್ತಿಗೆ, ವಾಂಗ್ ಜೆನ್ ಎಂಬ ಅಧಿಕಾರಿ ಮರದಲ್ಲೇ ಮೊಳೆಗಳನ್ನು ಮಾಡಿಸಿ ಅರವತ್ತು ಸಾವಿರಕ್ಕೂ ಹೆಚ್ಚು ಅಕ್ಷರಗಳಿದ್ದ ಒಂದು ಜಿಲ್ಲೆಯ ವೃತ್ತಾಂತವನ್ನು ಅಚ್ಚು ಹಾಕಿಸಿದ. ಅವನು ಬರೆದಿಟ್ಟ ವಿಧಾನವನ್ನು ಓದಿದರೆ ನನ್ನ ಮಾತು ಇನ್ನೂ ಸ್ಪಷ್ಟವಾಗುತ್ತದೆ: ಹಲಗೆಯ ಮೇಲೆ ಅಕ್ಷರಗಳನ್ನು ಕೆತ್ತಿ, ಸಣ್ಣ ಗರಗಸದಿಂದ ಒಂದೊಂದನ್ನೂ ಬೇರ್ಪಡಿಸಿ, ನಾಲ್ಕೂ ಬದಿಗಳನ್ನು ಚಾಕುವಿನಿಂದ ಸವರಿ, ಅದಕ್ಕೆಂದೇ ಮಾಡಿಟ್ಟ ಅಳತೆಗೋಲಿನಲ್ಲಿ ಗಾತ್ರವನ್ನೂ ಎತ್ತರವನ್ನೂ ಪರೀಕ್ಷಿಸಿದ ಮೇಲಷ್ಟೇ ಮೊಳೆಯನ್ನು ಬಳಕೆಗೆ ಒಪ್ಪಿಸಬೇಕು. ಬಿ ಶೆಂಗನಿಗೆ ಬೇಡವಾದ ಮರ ವಾಂಗ್ ಜೆನ್‌ನ ಕೈಯಲ್ಲಿ ಕೆಲಸಕ್ಕೆ ಬಂದುದರಲ್ಲಿ ಆ ಅಳತೆಗೋಲಿನ ಪಾಲು ದೊಡ್ಡದೆಂದು ನಾನು ನಂಬಿದ್ದೇನೆ.

ಭಿತ್ತಿಪತ್ರಗಳ ಕಾಲಕ್ಕೆ ಬಂದರೆ, ದೊಡ್ಡ ಅಕ್ಷರಗಳಿಗೆ ಸೀಸ ಒಗ್ಗಲಿಲ್ಲ. ದೊಡ್ಡ ಎರಕ ತಣಿಯುವಾಗ ಮುಖ ಒಳಕ್ಕೆ ಕುಗ್ಗುತ್ತಿತ್ತು. ತೂಕವಂತೂ ಮರದ ಹತ್ತಾರು ಪಟ್ಟು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ತಿರುಗುವ ಉಳಿಯ ಯಂತ್ರವೊಂದನ್ನು ಬಳಸಿ ಮರದ ಮೊಳೆಗಳನ್ನು ಸಗಟಾಗಿ ತಯಾರಿಸಲು ಆರಂಭಿಸಿದ. ಮರುವರ್ಷವೇ ಅವುಗಳ ಮಾದರಿಪಟ್ಟಿ ಹೊರಬಂತು. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಸೇರಿಸಿದ. ಒಂದು ಮಾದರಿ ಅಕ್ಷರದ ಅಂಚಿನಲ್ಲಿ ಕಡ್ಡಿಯಾಡಿಸಿದರೆ ಬೇಕಾದ ಅಳತೆಯಲ್ಲಿ ಅದೇ ಅಕ್ಷರ ಮರದಲ್ಲಿ ಮೂಡುವಂತಾಯಿತು. ಅಕ್ಷರ ಕೊರೆಯುವುದನ್ನು ಯಂತ್ರ ವಹಿಸಿಕೊಂಡ ಮೇಲೂ ಮರವನ್ನು ಒಣಗಿಸುವ, ಎತ್ತರಕ್ಕೆ ತರುವ, ಒಳಮೂಲೆಗಳನ್ನು ಚಾಕುವಿನಿಂದ ಬಿಡಿಸುವ ಕೆಲಸ ಅನುಭವಿಗಳ ಕೈಯಲ್ಲೇ ಉಳಿಯಿತು. ಇಂದು ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಕೊರೆದರೂ ಅಷ್ಟೇ: ತಿರುಗುವ ಉಳಿ ದುಂಡಗಿರುವುದರಿಂದ ಒಳಮೂಲೆಯೆಲ್ಲ ದುಂಡಗೇ ಉಳಿಯುತ್ತದೆ, ಅದನ್ನು ಚೂಪು ಮಾಡಲು ಮತ್ತೆ ಕೈಯೇ ಬೇಕು.

ಇನ್ನು ಮರದ ವಿಷಯ. ಹಲಗೆಯನ್ನು ಉದ್ದಕ್ಕೆ ಕೊಯ್ದಾಗ ಸಿಗುವ ಮುಖದ ಮೇಲೆ ಮೊಳೆ ಕೆತ್ತಬಾರದು. ಕಾಂಡವನ್ನು ಅಡ್ಡಕ್ಕೆ ಕೊಯ್ದಾಗ ಸಿಗುವ ಮುಖದ ಮೇಲೆಯೇ ಕೆತ್ತಬೇಕು. ಇದನ್ನು ನಾನು ಕಲಿತದ್ದು ‘ಠ’ ಅಕ್ಷರದಿಂದ. ಮೊದಮೊದಲು ನಾನೂ ಒಂದು ಶಿಬಿರದಲ್ಲಿ ಮೆದುಮರದ ಹಲಗೆಯ ಮೇಲೆ ಕೆತ್ತಿದವನು. ಠಕಾರದ ವೃತ್ತದೊಳಗಿನ ಮರವನ್ನೆಲ್ಲ ತೆಗೆದು ನಡುವಿನ ಚುಕ್ಕೆಯೊಂದನ್ನು ಉಳಿಸಬೇಕಷ್ಟೆ. ಕೊನೆಯ ಸಿಬಿರನ್ನು ತೆಗೆಯುವಾಗ ಚುಕ್ಕೆಯೇ ಹಾರಿಹೋಯಿತು. ಮತ್ತೊಂದು ಕೆತ್ತಿದೆ, ಅದೂ ಹಾರಿತು. ಉದ್ದಕೊಯ್ತದ ಹಲಗೆಯಲ್ಲಿ ಎಳೆಗಳು ಮಲಗಿರುತ್ತವೆ. ಚುಕ್ಕೆಯೆಂದರೆ ಅಲ್ಲಿ ಮಲಗಿದ ಎಳೆಗಳ ಒಂದು ಚೂರು, ಉಳಿ ತಾಗಿದರೆ ಸಿಪ್ಪೆಯಂತೆ ಎದ್ದುಬರುತ್ತದೆ. ಅಡ್ಡಕೊಯ್ತದಲ್ಲಾದರೋ ಎಳೆಗಳು ನಿಂತಿರುತ್ತವೆ. ಅದೇ ಚುಕ್ಕೆ ಮೊಳೆಯ ಪಾದದವರೆಗೂ ಇಳಿದ ಎಳೆಗಳ ಕಟ್ಟಿನ ತುದಿ. ಗಿಡಕ್ಕೆ ಬೇರಿದ್ದಂತೆ ಅದಕ್ಕೆ ತಳವಿದೆ. ವರ್ಷಗಳ ಹಿಂದೆ ಅಡ್ಡಕೊಯ್ತದಲ್ಲಿ ಕೆತ್ತಿದ ಒಂದು ಠಕಾರ ಇವತ್ತಿಗೂ ನನ್ನ ಕೇಸಿನಲ್ಲಿ, ಅಂದರೆ ಮೊಳೆಗಳನ್ನಿಡುವ ಪೆಟ್ಟಿಗೆಯಲ್ಲಿ, ಇದೆ. ಎಷ್ಟು ಸಾವಿರ ಪ್ರತಿಗಳಿಗೆ ಅದು ಒತ್ತಿದೆಯೋ ಲೆಕ್ಕವಿಟ್ಟಿಲ್ಲ, ಚುಕ್ಕೆ ಅಲುಗಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಮತ್ತೆ ಎತ್ತರವೇ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಹಸಿಮರ ಪೂರ್ತಿ ಒಣಗಿದರೂ ಎಳೆಯ ಉದ್ದಕ್ಕೆ ಆಗುವ ಕುಗ್ಗು ಸಾಮಾನ್ಯವಾಗಿ ಶೇಕಡ 0.1ರಿಂದ 0.2 ಮಾತ್ರ, ಎಳೆಗೆ ಅಡ್ಡಲಾಗಿ ಅದು ಹಲವು ಪಟ್ಟು ಹೆಚ್ಚು. ಅಡ್ಡಕೊಯ್ತದ ಮೊಳೆಯಲ್ಲಿ ಎಳೆಯ ಉದ್ದವೇ ಮೊಳೆಯ ಎತ್ತರ. ಹಾಗಾಗಿ ಮಳೆಗಾಲ ಬೇಸಿಗೆಗಳ ನಡುವೆ ಅಗಲ ತುಸು ವ್ಯತ್ಯಾಸವಾದರೂ ಎತ್ತರ ಕದಲುವುದಿಲ್ಲ. ಶೆನ್ ಕುವೊ ಹೇಳಿದ ದೋಷಕ್ಕೆ ಮರದೊಳಗೇ ಇದ್ದ ಪರಿಹಾರ ಇದು.

ಮರದ ಆಯ್ಕೆಯಲ್ಲಿಯೂ ಹೊಸಬರು ಎಡವುತ್ತಾರೆ. ತೇಗದಂಥ ಮರಗಳು ಪೀಠೋಪಕರಣಕ್ಕೆ ಎಷ್ಟೇ ಒಳ್ಳೆಯವಾದರೂ ಅವುಗಳ ಬೆಳವಣಿಗೆಯ ಉಂಗುರದಲ್ಲಿ ದೊಡ್ಡ ರಂಧ್ರಗಳ ಸಾಲಿರುವುದರಿಂದ ಅಡ್ಡಕೊಯ್ತದ ಮುಖದಲ್ಲಿ ಅವೆಲ್ಲ ಬಾಯಿಬಿಟ್ಟುಕೊಂಡು ಅಚ್ಚಿನಲ್ಲಿ ಬಿಳಿ ಚುಕ್ಕಿಗಳಾಗಿ ಕಾಣುತ್ತವೆ. ಗಟ್ಟಿಯಾದ, ಒಂದೇ ಸಮನೆಯ ನುಣುಪಾದ ಎಳೆಯುಳ್ಳ ಮರ ಬೇಕು. ಅಮೆರಿಕದವರು ಗಟ್ಟಿ ಮೇಪಲ್ ನೆಚ್ಚಿದರು. ಪೇರ್, ಚೆರ್ರಿ, ಬಾಕ್ಸ್‌ವುಡ್ ಮರಗಳೂ ಬಳಕೆಯಲ್ಲಿದ್ದವು.

ಒಣಗಿಸುವುದರಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಹಸಿಯಿದ್ದ ಕಾಂಡವೊಂದನ್ನು ಸೌತೆಕಾಯಿ ಹೆಚ್ಚಿದಂತೆ ದುಂಡು ಬಿಲ್ಲೆಗಳಾಗಿ ಕೊಯ್ದು ಒಂದರ ಮೇಲೊಂದು ಪೇರಿಸಿಟ್ಟೆ. ಕೆಲವು ವಾರಗಳಲ್ಲಿ ಪ್ರತಿಯೊಂದು ಬಿಲ್ಲೆಯೂ ತಿರುಳಿನಿಂದ ತೊಗಟೆಯವರೆಗೆ ಸೀಳಿಕೊಂಡಿತು, ಒಂದೂ ಉಳಿಯಲಿಲ್ಲ. ಉಂಗುರದ ಸುತ್ತಳತೆ ಕುಗ್ಗುವ ಪ್ರಮಾಣ ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಇಮ್ಮಡಿ ಇರುವುದರಿಂದ ದುಂಡು ಬಿಲ್ಲೆ ಎಲ್ಲಾದರೂ ಒಡೆಯಲೇಬೇಕು. ಈಗ ಕಾಂಡವನ್ನು ಮೊದಲು ನಾಲ್ಕು ಸೀಳಾಗಿ ಸೀಳಿ, ತಿರುಳು ತೆಗೆದು, ತುದಿಗಳಿಗೆ ಮೇಣ ಬಳಿದು, ಗಾಳಿಯಾಡುವಂತೆ ನಡುವೆ ಪಟ್ಟಿಯಿಟ್ಟು ನೆರಳಿನಲ್ಲಿ ಒಣಗಿಸುತ್ತೇನೆ. ಪೂರ್ತಿ ಒಣಗಿದ ಮೇಲೆ ಬೇಕಾದ ಎತ್ತರಕ್ಕಿಂತ ತುಸು ದಪ್ಪವಾಗಿ ಅಡ್ಡಕ್ಕೆ ಕೊಯ್ದು, ಆ ತುಂಡುಗಳನ್ನು ಮತ್ತೆ ಕೆಲವು ವಾರ ಸುಮ್ಮನೆ ಬಿಡುತ್ತೇನೆ. ದೊಡ್ಡ ಅಕ್ಷರಕ್ಕೆ ಒಂದೇ ತುಂಡು ಸಾಲದಿದ್ದರೆ ಹಲವನ್ನು ಅಂಟಿಸಿ ಅಗಲ ಮಾಡಿಕೊಂಡರಾಯಿತು.

ಎತ್ತರಕ್ಕೆ ತರುವಾಗ ಮುಖವನ್ನು ಮೊದಲು ನುಣುಪು ಮಾಡಿ, ಹೆಚ್ಚುವರಿಯನ್ನು ಪಾದದ ಕಡೆಯಿಂದ ಇಳಿಸಬೇಕು. ಅಡ್ಡಕೊಯ್ತದ ಮೇಲೆ ಕೀಸುಳಿ ಓಡಿಸುವಾಗ ಆಚೆಯ ಅಂಚು ಸಿಡಿಯದಂತೆ ಬೇರೊಂದು ತುಂಡನ್ನು ಒತ್ತಾಗಿ ಕೊಡಬೇಕು. ಕೊನೆಗೆ ದಪ್ಪ ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ, ಮೊಳೆಯ ಪಾದವನ್ನು ಅದರ ಮೇಲೆ ನಿಧಾನವಾಗಿ ಉಜ್ಜುತ್ತ, ಹತ್ತು ಉಜ್ಜಿಗೊಮ್ಮೆ ನಾಲ್ಕೂ ಮೂಲೆಗಳನ್ನು ಕ್ಯಾಲಿಪರಿನಲ್ಲಿ ಅಳೆಯಬೇಕು. ಒಂದು ತುಂಡಿಗೆ ಅರ್ಧ ಗಂಟೆ ಹಿಡಿದರೂ ಅವಸರ ಮಾಡಬಾರದು. ಶಿಬಿರಗಳಲ್ಲಿ ಮೊದಲ ದಿನ, ಬೇಕಾದರೆ ಮೊದಲ ವಾರವೆಲ್ಲ, ಇದೊಂದನ್ನೇ ಮಾಡಿಸಲಿ ಎಂಬುದು ನನ್ನ ಕೋರಿಕೆ. ಅಕ್ಷರವಿಲ್ಲದ ಬರಿಯ ಗಟ್ಟಿಗಳನ್ನೇ ಚೇಸಿಗೆ ಹಾಕಿ ಶಾಯಿ ಹಚ್ಚಿ ಒತ್ತಿಸಲಿ. ಹತ್ತು ಗಟ್ಟಿಗಳೂ ಒಂದೇ ಕಪ್ಪಿನಲ್ಲಿ ಬಿದ್ದ ದಿನ ಉಳಿ ಕೊಡಲಿ.

ಆಮೇಲಿನ ಕೆತ್ತನೆ ಕಷ್ಟದ್ದಲ್ಲವೆಂದು ನಾನು ಹೇಳುತ್ತಿಲ್ಲ. ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದುಕೊಳ್ಳಬೇಕು. ಅಂಚನ್ನು ಚಾಕುವಿನಿಂದ ಗೀರುವಾಗ ಗೋಡೆ ಹೊರಕ್ಕೆ ಇಳಿಜಾರಾಗಿರಬೇಕು. ಒಳಕ್ಕೆ ಕೊರೆದರೆ ಗೆರೆಗೆ ಆಸರೆ ತಪ್ಪಿ ತಲೆಕಟ್ಟಿನ ತುದಿಯಂಥ ಸಣ್ಣ ಭಾಗಗಳು ಮೊದಲು ಮುರಿಯುತ್ತವೆ. ಖಾಲಿ ಜಾಗ ಅಗಲವಾದಷ್ಟೂ ಹೆಚ್ಚು ಆಳ ತೆಗೆಯಬೇಕು, ಇಲ್ಲದಿದ್ದರೆ ರೋಲರ್ ಅಲ್ಲಿ ತಗ್ಗಿ ತಳಕ್ಕೂ ಶಾಯಿ ಮೆತ್ತುತ್ತದೆ. ಮುಗಿದ ಮೇಲೆ ಮುಖಕ್ಕೂ ಬದಿಗೂ ಪಾದಕ್ಕೂ ಅರಗಿನ ಮೆರುಗನ್ನು ತೆಳ್ಳಗೆ ಹಚ್ಚಿದರೆ ತೇವ ಒಳಹೋಗುವುದು ತಗ್ಗುತ್ತದೆ. ಮುದ್ರಣವಾದ ನಂತರ ಸೀಮೆಎಣ್ಣೆ ತಾಗಿಸಿದ ಬಟ್ಟೆಯಿಂದ ಒರೆಸಬೇಕೇ ಹೊರತು ನೀರು ಮುಟ್ಟಿಸಬಾರದು.

ನಮ್ಮ ಲಿಪಿಗೆ ಬಂದಾಗ ಎತ್ತರದ ಶಿಸ್ತು ಇನ್ನಷ್ಟು ಬಿಗಿಯಾಗಬೇಕಾಗುತ್ತದೆ. ‘ಅಕ್ಕ’ ಎಂಬ ಪುಟ್ಟ ಪದವನ್ನೇ ನೋಡಿ. ಒತ್ತಕ್ಷರವನ್ನು ನಾನು ಬೇರೆ ಗಟ್ಟಿಯಾಗಿ ಮಾಡುವುದರಿಂದ ಅದಕ್ಕೆ ಮೂರು ಮೊಳೆ ಬೇಕು. ಒತ್ತು ಕೆಳಗಿನ ಸಾಲಿನಲ್ಲಿ ಕೂರುತ್ತದೆ, ಅದರ ಅಕ್ಕಪಕ್ಕದ ಜಾಗವನ್ನು ಮುಖಕ್ಕಿಂತ ತಗ್ಗಾದ ಖಾಲಿ ತುಂಡುಗಳಿಂದ ತುಂಬಬೇಕು. ಮೇಲಿನ ಕಕಾರಕ್ಕೂ ಕೆಳಗಿನ ಒತ್ತಿಗೂ ಕೂದಲೆಳೆಯಷ್ಟು ಎತ್ತರದ ವ್ಯತ್ಯಾಸ ಬಂದರೂ ಒಂದು ಕಪ್ಪಗೆ, ಇನ್ನೊಂದು ಬೂದು ಬಣ್ಣಕ್ಕೆ ಬಿದ್ದು, ಓದುಗನ ಕಣ್ಣಿಗೆ ಅದು ಒಂದೇ ಅಕ್ಷರವಾಗಿ ಕೂಡಿಕೊಳ್ಳುವುದಿಲ್ಲ.

ಹಳೆಯ ಮರದ ಮೊಳೆಗಳನ್ನು ಇಟ್ಟುಕೊಂಡಿರುವ ಓದುಗರಲ್ಲಿ ಒಂದು ವಿನಂತಿಯಿದೆ. ಇವುಗಳನ್ನು ಅಲಂಕಾರದ ವಸ್ತುವೆಂದು ಬಿಡಿಬಿಡಿಯಾಗಿ ಮಾರುವುದು, ಹೆಸರಿನ ಮೊದಲಕ್ಷರವೆಂದು ಒಂದೊಂದನ್ನೇ ಉಡುಗೊರೆ ಕೊಡುವುದು ಹೆಚ್ಚಾಗಿದೆ. ಒಂದೇ ಕೈ, ಒಂದೇ ಮರ, ಒಂದೇ ಎತ್ತರದಲ್ಲಿ ಮಾಡಿದ ಕಂತೆಯಿಂದ ನಾಲ್ಕು ಅಕ್ಷರ ಹೋದರೆ ಉಳಿದದ್ದರಿಂದ ಒಂದು ಪೂರ್ತಿ ವಾಕ್ಯ ಜೋಡಿಸುವುದೂ ಕಷ್ಟವಾಗುತ್ತದೆ. ದಯವಿಟ್ಟು ಕಂತೆಯನ್ನು ಒಡೆಯಬೇಡಿ. ಕೊಡಲೇಬೇಕಾದರೆ ಒಟ್ಟಾಗಿ, ಮುದ್ರಿಸುವವರಿಗೇ ಕೊಡಿ. ಕೊಡುವ ಮುನ್ನ ಎಲ್ಲ ಅಕ್ಷರಗಳ ಒಂದು ಕರಡಚ್ಚು ತೆಗೆದು, ಮೊಳೆಯ ಎತ್ತರವನ್ನು ಅಳೆದು ಅದರ ಅಂಚಿನಲ್ಲಿ ಬರೆದಿಡಿ.

ಆ ಕರಡಚ್ಚಿನ ಉಪಯೋಗವೂ ಸಣ್ಣದಲ್ಲ. ಮುಂದೆ ಯಾವುದಾದರೂ ಅಕ್ಷರ ಕಳೆದುಹೋದರೆ ಅದರ ಆಕಾರವನ್ನು ಅಲ್ಲಿಂದಲೇ ಪಡೆಯಬಹುದು. ಎರಡನೆಯ ಪ್ರತಿ ಬೇಕಾದ ಅಕ್ಷರವಾದರೆ ಕೆಲಸ ಇನ್ನೂ ಸುಲಭ: ಅದರ ಅಚ್ಚನ್ನು ಕಾಗದದ ಮೇಲೆ ತೆಗೆದು, ಶಾಯಿ ಆರುವ ಮೊದಲೇ ಆ ಕಾಗದವನ್ನು ಎತ್ತರಕ್ಕೆ ತಂದಿಟ್ಟ ಹೊಸ ಗಟ್ಟಿಯ ಮೇಲೆ ಮಗುಚಿ ಒತ್ತಿದರೆ, ಅಕ್ಷರ ತಾನಾಗಿಯೇ ತಿರುಗಿ ಮರದ ಮೇಲೆ ಮೂಡುತ್ತದೆ. ಆ ಗೆರೆಯನ್ನು ಹಿಡಿದು ನೇರವಾಗಿ ಕೆತ್ತಲು ಕೂರಬಹುದು.

ಇಂತಿ ತಮ್ಮ ವಿಶ್ವಾಸಿ,
ಮರದ ಮೊಳೆ ಮಾಡುವ ಒಬ್ಬ ಓದುಗ